ಭಾವನವರ ಬಣ್ಣದ ವೇಷ

ಗಂಡಸಿಗೇಕಪ್ಪಾ ಬಣ್ಣ ಎಂದು ಮೂಗು ಮುರಿಯುವ ನಮ್ಮ ಭಾವನವರು ಯಕ್ಷಗಾನದ ಚೌಕಿಗೆ ಹೋದರೆ, ಕನ್ನಡಿ ಹಿಡಿದು ಹುಬ್ಬು ತೀಡಿಕೊಳ್ಳುವ ಗಂಡಸರನ್ನು ಭಕ್ತಿಯಿಂದ ನೋಡುತ್ತಾರೆ. ಮನೆಯಲ್ಲಿ ಮಗ ಸನ್‌ಸ್ಕ್ರೀನ್ ಹಚ್ಚಿದರೆ ಮಾತ್ರ, 'ಇವತ್ತು ಸ್ತ್ರೀವೇಷವೇನೋ?'

2005ರಲ್ಲಿ ಗಂಡಸರಿಗೆಂದೇ ಬಿಳುಪಿನ ಕ್ರೀಮು 'ಫೇರ್ ಅಂಡ್ ಹ್ಯಾಂಡ್‌ಸಮ್' ಬರುವ ಮೊದಲೂ ಗಂಡಸರು ಸುಮ್ಮನಿದ್ದರೇ? ಹೆಂಡತಿಯ ಕ್ರೀಮನ್ನೇ ಕದ್ದು ಹಚ್ಚುತ್ತಿದ್ದರು. ಟ್ಯೂಬು ಬೇಗ ಖಾಲಿಯಾದರೆ ಅಪವಾದ ನಾದಿನಿಯ ಮೇಲೆ. (ಹಚ್ಚಿ ಬೆಳ್ಳಗಾದವರನ್ನು ನಾನಂತೂ ಕಂಡಿಲ್ಲ.) ಬಿಸಿಲಿಗೆ ಎಸ್‌ಪಿಎಫ್ 30 ಇರುವ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚುವುದೇ ಮೇಲು.

ಮೊನ್ನೆ ಮಗಳ ನಿಶ್ಚಿತಾರ್ಥ. ಕಣ್ಣಿನಡಿಯ ಕಪ್ಪು ಮುಚ್ಚಲು ಭಾವನವರು ಗುಟ್ಟಾಗಿ ಕನ್ಸೀಲರ್ ಹಿಡಿದರು. ಕಡಲೆಕಾಳಿನಷ್ಟು ತೆಗೆದು ಬೆರಳ ತುದಿಯಿಂದ ತಟ್ಟಬೇಕಾದದ್ದನ್ನು ಗೋಡೆಗೆ ಸುಣ್ಣ ಹೊಡೆದಂತೆ ಬಳಿದುಕೊಂಡು ಬಂದರು. ಫೋಟೋಗ್ರಾಫರ್ ಒಮ್ಮೆ ನೋಡಿ, ಫ್ಲ್ಯಾಶ್ ಆರಿಸಿದ.