ಡಿಸ್ಕೋದ್ಧಾರ ಮೀಮಾಂಸೆ

ಹೆಸರಿನಿಂದಲೇ ಜಗಳ ಶುರುವಾಗುವುದು ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿ. ಅದನ್ನು ಮೊದಲೇ ಮುಗಿಸಿಬಿಡೋಣ. ಡಿಸ್ಕ ಎಂಬುದಕ್ಕೆ ಉದ್ಧಾರ ಸೇರಿ, ಗುಣಸಂಧಿಯಾಗಿ, ಡಿಸ್ಕೋದ್ಧಾರ. ಇದು ಅರಿಸಮಾಸವಲ್ಲವೇ ಎಂದು ಪಂಡಿತರು ಹುಬ್ಬು ಗಂಟಿಕ್ಕಬಹುದು. ಮಗಳ ಮದುವೆಯ ಫೋಟೊ ಕಳೆದುಕೊಂಡವನಿಗೆ ಸಮಾಸದ ಚಿಂತೆ ಇರುವುದಿಲ್ಲ. ಡಿಸ್ಕೋ ಕುಣಿತಕ್ಕೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲ. ಸಂಬಂಧಪಟ್ಟ ಕುಣಿತವೆಲ್ಲ ಮೊಮ್ಮಗನ ಕಾಲಿಗೆ ವೈರು ಸಿಕ್ಕಿ ಹಾರ್ಡ್‌ಡಿಸ್ಕ್ ಮೇಜಿನಿಂದ ಬಿದ್ದ ದಿನ ನಮ್ಮ ಮನೆಯಲ್ಲಿ ನಡೆಯಿತು.

ಮೊದಲನೆಯ ಸೂತ್ರ: ಶಬ್ದವೇ ಪ್ರಮಾಣ.

ತರ್ಕಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತರ ಮಾತು. ನಮ್ಮಲ್ಲಿ ಟಿಕ್ ಟಿಕ್ ಎಂಬ ಸದ್ದು. ನಮ್ಮತ್ತೆ ಅದನ್ನು ಕೇಳಿ, ಹಲ್ಲಿ ಲೊಚಗುಟ್ಟಿತೆಂದುಕೊಂಡು, ನೆಲ ಮುಟ್ಟಿ "ಕೃಷ್ಣ ಕೃಷ್ಣ" ಎಂದರು. ಪಂಚಾಂಗದ ಹಲ್ಲಿಶಕುನದ ಪುಟದಲ್ಲಿ ಮೇಜಿನ ಕೆಳಗಿನ ಸದ್ದಿಗೆ ಫಲ ಕೊಟ್ಟಿಲ್ಲ. ನಾನು ಕೊಡುತ್ತೇನೆ: ಧನನಾಶ. ಹಾರ್ಡ್‌ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ಡು ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಆ ಸಂದಿನ ಸಾವಿರಾರು ಪಟ್ಟು. ಹೆಡ್ಡು ಪೆಟ್ಟು ತಿಂದು ತಟ್ಟೆಯ ಮೇಲಿನ ದಾರಿಗುರುತು ಓದಲಾರದೆ ಹೋದಾಗ ಅದರ ತೋಳು ಹಿಂದಕ್ಕೆ ಬಂದು ಮತ್ತೆ ಹೊರಡುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಮನೆ ನಂಬರು ಸಿಗದ ಅಂಚೆಯವನು ಬೀದಿಯ ತುದಿಗೆ ಹೋಗಿ ಹೋಗಿ ಬಂದಂತೆ. ಹೆಜ್ಜೆಯ ಸದ್ದು ಕೇಳಿದ ಕೂಡಲೇ ಕರೆಂಟು ತೆಗೆಯಬೇಕು ಎಂಬುದು ಸಿದ್ಧಾಂತ.

ಆದರೆ ಸಿದ್ಧಾಂತಕ್ಕಿಂತ ಮೊದಲು ಪೂರ್ವಪಕ್ಷ ಬರುವುದು ಸಂಪ್ರದಾಯ. ನಮ್ಮ ಭಾವಮೈದುನ ತಟ್ಟುವಾದಿ: ಹಳೇ ಟಿವಿಗೆ ನಾಲ್ಕು ಬಿಗಿದರೆ ಚಿತ್ರ ಬರುತ್ತಿರಲಿಲ್ಲವೇ ಎಂಬುದು ಅವನ ವಾದ. ಎದುರುಮನೆಯವರು ಶೈತ್ಯವಾದಿಗಳು. ಅವರ ಮಾತು ಕೇಳಿ ಡಿಸ್ಕು ಒಂದು ರಾತ್ರಿಯನ್ನು ಫ್ರೀಜರಿನಲ್ಲಿ, ಹಿತಕಿದ ಅವರೆಬೇಳೆಯ ಪಕ್ಕ ಕಳೆಯಿತು. ತಣ್ಣಗಾದ ಲೋಹವನ್ನು ಹೊರಗೆ ತೆಗೆದರೆ ಗಾಳಿಯ ತೇವವೆಲ್ಲ ಅದರ ಮೇಲೆ ಕೂರುತ್ತದೆ, ಇದ್ದ ಆಸೆಯೂ ಹೋಗುತ್ತದೆ. ಅವರೆಬೇಳೆ ಮಾತ್ರ ಚೆನ್ನಾಗಿಯೇ ಇತ್ತು.

ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆ. ಅಂಗಡಿಯ ಹುಡುಗ ಡಿಸ್ಕನ್ನು ಕಿವಿಗೆ ಹಿಡಿದು, ನನ್ನ ಮುಖ ನೋಡಿ, "ಹೆಡ್ ಹೋಗಿದೆ ಸಾರ್" ಎಂದ. ಅವನು ಹೇಳಿದ್ದು ಡಿಸ್ಕಿನ ವಿಷಯ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಧೂಳಿಲ್ಲದ ಕೊಠಡಿಯಲ್ಲಿ ಇನ್ನೊಂದು ಡಿಸ್ಕಿನ ತಲೆ ತೆಗೆದು ಇದಕ್ಕೆ ಕೂರಿಸಬೇಕಂತೆ. ಗಣಪತಿಗೆ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ ಯಾವ ಪ್ರಾಣಿಯದಾದರೂ ನಡೆಯಿತು. ಡಿಸ್ಕಿಗೆ ಅದೇ ಕಂಪನಿಯ ಅದೇ ಮಾದರಿಯದೇ ಆಗಬೇಕು. ಅವರು ಕೇಳಿದ ಹಣಕ್ಕೆ ಮದುವೆಯನ್ನೇ ಇನ್ನೊಮ್ಮೆ ಮಾಡಿ ಫೋಟೊ ತೆಗೆಸಬಹುದಿತ್ತು, ಅಳಿಯ ಒಪ್ಪಲಿಲ್ಲ. ತಲೆ ಬಂದ ಮೇಲೂ ಡಿಸ್ಕನ್ನು ನೇರವಾಗಿ ಕೆದಕುವಂತಿಲ್ಲ, ನಕಲು ತೆಗೆದು ನಕಲಿನ ಮೇಲೆ ಕೆಲಸ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಮೊದಲು ಸುಲಭಕ್ಕೆ ಸಿಗುವ ಭಾಗಗಳನ್ನೆಲ್ಲ ನಕಲಿಸಿಕೊಂಡು, ಕೆಟ್ಟ ಜಾಗಗಳನ್ನು ಗುರುತು ಹಾಕಿ ದಾಟಿ, ಕೊನೆಗೆ ಅವಕ್ಕೆ ಮರಳುತ್ತದೆ. ಎಸ್ಸೆಸ್ಸೆಲ್ಸಿಯ ಹಿಂದಿನ ದಿನ ಮೇಷ್ಟ್ರು ಹೇಳಿಕೊಟ್ಟಿದ್ದೂ ಇದನ್ನೇ.

ಎರಡನೆಯ ಸೂತ್ರ: ಅಳಿಸುವುದು ಲೋಪವಲ್ಲ, ಆದೇಶ.

ಲೋಪ, ಆಗಮ, ಆದೇಶಗಳನ್ನು ಕನ್ನಡ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಫ್ಯಾಟ್ ಪದ್ಧತಿಯಲ್ಲಿ ಕಡತ ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಇ5 ಎಂಬ ಸಂಕೇತ ಆದೇಶವಾಗಿ ಬರುತ್ತಿತ್ತು, ಜಾಗ ಖಾಲಿಯೆಂದು ಪಟ್ಟಿಯಲ್ಲಿ ನಮೂದಾಗುತ್ತಿತ್ತು, ಅಷ್ಟೇ. ರೇಷನ್ ಕಾರ್ಡಿನಿಂದ ಹೆಸರು ಹೊಡೆದರೂ ಮನುಷ್ಯ ಮನೆಯಲ್ಲೇ ಉಣ್ಣುತ್ತಿರುವಂತೆ ಒಳಗಿನ ಸರಕು ಇದ್ದಲ್ಲೇ ಇರುತ್ತದೆ. 1991ರ ಎಂಎಸ್-ಡಾಸ್ 5ರಲ್ಲಿ ಅನ್‌ಡಿಲೀಟ್ ಎಂಬ ಆಜ್ಞೆ ಬಂತು. ಕಡತವನ್ನು ಎಬ್ಬಿಸುವ ಮುನ್ನ ಮೊದಲ ಅಕ್ಷರ ಯಾವುದೆಂದು ಅದು ನಮ್ಮನ್ನೇ ಕೇಳುತ್ತಿತ್ತು. ಸತ್ತದ್ದು ಸಾಲವೋ, ಬಾಲವೋ, ಕಾಲವೋ, ನಾವೇ ಹೇಳಬೇಕು. ಅದೇ ಜಾಗಕ್ಕೆ ಹೊಸ ಕಡತದ ಆಗಮವಾದಾಗಲೇ ಹಳೆಯದರ ನಿಜವಾದ ಲೋಪ. ಹೀಗಿದ್ದೂ, ಕಡತ ಹುಡುಕುವ ತಂತ್ರಾಂಶವನ್ನು ಕಡತ ಕಳೆದ ಡಿಸ್ಕಿಗೇ ತುಂಬುವ ಮಹನೀಯರನ್ನು ಕಂಡಿದ್ದೇನೆ (ಕನ್ನಡಿಯಲ್ಲಿ). ಎಸ್‌ಎಸ್‌ಡಿಗಳದು ಬೇರೆ ಮತ: ಟ್ರಿಮ್ ಎಂಬ ಆಜ್ಞೆ ಹೋದರೆ ಅವು ಬಿಟ್ಟ ಜಾಗವನ್ನು ತಾವೇ ತೊಳೆದಿಡುತ್ತವೆ. ಅಲ್ಲಿ ಪುನರ್ಜನ್ಮವಿಲ್ಲ, ನೇರ ಮುಕ್ತಿ.

ಮೂರನೆಯ ಸೂತ್ರ: ಒಡಲು ಬಂದರೂ ಹೆಸರು ಬಾರದು.

ಪಟ್ಟಿಯೇ ಹಾಳಾದಾಗ ಫೋಟೊರೆಕ್‌ನಂಥ ತಂತ್ರಾಂಶಗಳು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ ಮಂಗಳಾಚರಣೆ ಹುಡುಕುತ್ತವೆ. ಜೆಪೆಗ್ ಚಿತ್ರ ಎಫ್‌ಎಫ್ ಡಿ8 ಎಂದು ಶುರುವಾಗಿ ಎಫ್‌ಎಫ್ ಡಿ9 ಎಂಬ ಫಲಶ್ರುತಿಯೊಂದಿಗೆ ಮುಗಿಯುತ್ತದೆ. ಈಗಿನ ವರ್ಡ್ ಕಡತಗಳು ಒಳಗೆ ಜಿಪ್ ಆದ್ದರಿಂದ 'ಪಿಕೆ' ಎಂದು ಆರಂಭವಾಗುತ್ತವೆ; ಅದು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು. ವಚನಕ್ಕೆ ಅಂಕಿತವಿದ್ದಂತೆ ನಮ್ಮ ರಜಾ ಅರ್ಜಿಗಳಿಗೆಲ್ಲ ಕಾಟ್ಜನ ಅಂಕಿತವಿದೆ. ಹೀಗೆ ಸಿಕ್ಕ ಕಡತಕ್ಕೆ ಒಡಲಿದೆ, ಹೆಸರಿಲ್ಲ. ಎಫ್ ಎಂಬ ಅಕ್ಷರದ ಮುಂದೆ ಒಂದು ಉದ್ದ ಸಂಖ್ಯೆ. ಕನ್ನಡ ಸಾಹಿತ್ಯಚರಿತ್ರೆಯ ಕಷ್ಟ ಇದಕ್ಕೆ ತಿರುಗುಮುರುಗು. ರನ್ನನ 'ಪರಶುರಾಮಚರಿತ', 'ಚಕ್ರೇಶ್ವರಚರಿತ'ಗಳಿಗೆ ಹೆಸರಿದೆ, ಒಡಲಿಲ್ಲ. ನನಗೆ ಸಿಕ್ಕವುಗಳಲ್ಲಿ ವಾಟ್ಸಾಪಿನ ಶುಭೋದಯಗಳು ಒಂದೂ ಮುಕ್ಕಾಗಿರಲಿಲ್ಲ. ಮದುವೆಯ ಫೋಟೊಗಳು ಬಂದವು, ಧಾರೆಯ ಹೊತ್ತಿನವು ಬಿಟ್ಟು. ಊಟದ ಪಂಕ್ತಿ ಪೂರ್ತಿ ಇದೆ.

ನಾಲ್ಕನೆಯ ಸೂತ್ರ ತ್ರುಟಿತ. 'ಮೊದಲೇ' ಎಂಬ ಒಂದು ಪದ ಉಳಿದಿದೆ.

ಐದನೆಯದು: ಏಕಪ್ರತಿಯೇ ಅಪ್ರತಿ.

ಇದಕ್ಕೆ ಪ್ರಯೋಗವನ್ನು ಹತ್ತನೆಯ ಶತಮಾನವೇ ಮಾಡಿಟ್ಟಿದೆ. ಪೊನ್ನ 'ಶಾಂತಿಪುರಾಣ'ವನ್ನೂ ಬರೆದ, 'ಭುವನೈಕರಾಮಾಭ್ಯುದಯ'ವನ್ನೂ ಬರೆದ. ಕವಿ ಒಬ್ಬನೇ, ಓಲೆಗರಿ ಅದೇ, ಗೆದ್ದಲೂ ಅದೇ. ಅತ್ತಿಮಬ್ಬೆ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದು ಇಂದಿಗೂ ಇದೆ, ಇನ್ನೊಂದು ಸಿಕ್ಕಿಲ್ಲ. ಸಾವಿರ ವರ್ಷ ಕಳೆದು 1998ರಲ್ಲಿ ಪಿಕ್ಸಾರ್ ಸಂಸ್ಥೆಯ 'ಟಾಯ್ ಸ್ಟೋರಿ 2' ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಗೆ ಅಳಿಸಿಹೋದಾಗ ಬ್ಯಾಕಪ್ಪೂ ಕೈಕೊಟ್ಟಿತ್ತು. ಎಳೆಗೂಸಿದ್ದುದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ ಚಿತ್ರವನ್ನು ಉಳಿಸಿತು. ಅವರನ್ನು ನಾನು ಅತ್ತಿಮಬ್ಬೆಯ ಪರಂಪರೆಗೇ ಸೇರಿಸುತ್ತೇನೆ.

ಈ ಮೀಮಾಂಸೆಯ ಆರನೆಯ ಅಧ್ಯಾಯ 'ನಕಲುವಿಧಿ' ಅದೇ ಡಿಸ್ಕಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಒಬ್ಬ ಗೆಳೆಯರಿಗೆ ಅಭಿಪ್ರಾಯ ಕೇಳಿ ಇ-ಮೇಲ್ ಮಾಡಿದ್ದ ನೆನಪು, ಯಾರಿಗೆಂದು ಮರೆತಿದೆ. ಅವರು ಅದನ್ನು ಓದಿರಲಾರರು, ಬೇಸರವಿಲ್ಲ. ಅಳಿಸಿರದಿದ್ದರೆ ಸಾಕು, ದಯವಿಟ್ಟು ಹಿಂದಕ್ಕೆ ಕಳಿಸಿ.