ಕುಡಿಯದವರ ವೈನು

ವೈನು ಇರುವುದು ಕುಡಿಯಲಿಕ್ಕೆ ಅಂತ ನಂಬಿದವರು ಹರಾಜುಕಟ್ಟೆಯ ಕಡೆ ತಲೆಹಾಕಬಾರದು. ಅಲ್ಲಿ ಫ್ರಾನ್ಸಿನ ಹಳೇ ಕೆಂಪು ವೈನೆಂದರೆ ನಿಧಿ. ಕೊಂಡವನೇ ಅದನ್ನು ಕಾಯುವ ಸರ್ಪ.

ಬರ್ಗಂಡಿಯ ರೊಮಾನೆ ಕೊಂಟಿ ತೋಟದಲ್ಲಿ 1945ರಲ್ಲಿ ಆದದ್ದು ಸುಮಾರು 600 ಬಾಟಲಿ. ಆಮೇಲೆ ಮುದಿ ಬಳ್ಳಿಗಳನ್ನೇ ಕಿತ್ತರು. 2018ರಲ್ಲಿ ನ್ಯೂಯಾರ್ಕಿನಲ್ಲಿ ಅದರದೊಂದು ಬಾಟಲಿ 5,58,000 ಡಾಲರಿಗೆ ಹೋಯಿತು. ಇರುವುದು ಮುಕ್ಕಾಲು ಲೀಟರು! ಗುಟುಕಿಗೆಷ್ಟು ಅಂತ ಲೆಕ್ಕ ಹಾಕಿದರೆ ಗಂಟಲೇ ಕಟ್ಟುತ್ತದೆ.

1985ರಲ್ಲಿ ಲಂಡನ್ನಿನಲ್ಲಿ ಫೋರ್ಬ್ಸ್ ಕುಟುಂಬ 1787ರದೆನ್ನುವ ಲಫೀತ್ ಬಾಟಲಿಗೆ 1,05,000 ಪೌಂಡ್ ಸುರಿಯಿತು. ಮಲಗಿಸಿಟ್ಟರೆ ಬಿರಡೆ ತೇವವಾಗಿರುತ್ತದೆ. ಇವರೋ ನೋಡುವವರಿಗೆಂದು ದೀಪದಡಿ ನೆಟ್ಟಗೆ ನಿಲ್ಲಿಸಿದರು. ಬಿರಡೆ ಒಣಗಿ, ಕುಗ್ಗಿ, ಒಳಗೇ ಬಿತ್ತು. ಯಾರೂ ಕುಡಿಯದ್ದನ್ನು ಬಿರಡೆಯಾದರೂ ಕುಡಿಯಿತಲ್ಲ!

ನಕಲಿ ವೈನು ಮಾರಿದ ರೂಡಿ ಕುರ್ನಿಯವಾನ್ ಇನ್ನೂ ಜಾಣ. ಮನೆಯಲ್ಲೇ ಬೆರಕೆ ಮಾಡಿ, ಹಳೇ ಚೀಟಿ ಅಂಟಿಸಿ ಮಾರಿದ. ಪೊನ್ಸೋ ಮನೆತನದ 1945ರ ಕ್ಲೋ ಸೇಂಟ್ ಡೆನಿ ಅಂತ 2008ರಲ್ಲಿ ಹರಾಜಿಗಿಟ್ಟ. ಆ ಮನೆತನ ಆ ವೈನು ಮಾಡತೊಡಗಿದ್ದೇ 1980ರ ದಶಕದಲ್ಲಿ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರುಂಟು; ಇವನು ಕೂಸನ್ನೇ ಮಾರಹೊರಟಿದ್ದ. 2014ರಲ್ಲಿ 10 ವರ್ಷ ಸೆರೆವಾಸ ವಿಧಿಸಿದರು.

ತಂಪು ಕೋಣೆ, ಮಬ್ಬು ಬೆಳಕು, ಅಲುಗಾಡದೆ ಹತ್ತು ವರ್ಷ. ಒಳ್ಳೇ ವೈನು ಪಕ್ವವಾಗಲಿಕ್ಕೆ ಬೇಕಾದದ್ದೂ ಅಷ್ಟೇ ತಾನೆ?