ಎಡಗಾಲಿಗೆ ಎಂತ ಕೆಲಸ?

ಮಲ್ಪೆ ಬಂದರಿನಿಂದ ಬೆಳಗ್ಗೆ ಮೀನು ಹೊತ್ತು ಹೊರಡುವ ಪಿಕಪ್ಪುಗಳ ಗೇರಿನ ಸದ್ದು ಕೇಳಿದರೆ ಸಾಕು, ಡ್ರೈವರನಿಗೆ ಮನೆಯಲ್ಲಿ ಚಹಾ ಸಿಕ್ಕಿತ್ತೋ ಇಲ್ಲವೋ ಹೇಳಬಹುದು. ಬೊಲೆರೊ ಇರಲಿ, ಏಸ್ ಇರಲಿ, ನಮ್ಮ ಜಿಲ್ಲೆಯಲ್ಲಿ ಸಾಮಾನು ಹೊರುವ ಗಾಡಿ ಅಂದಮೇಲೆ ಮೂರು ಪೆಡಲ್ ಇರಲೇಬೇಕು. ಅಂಥದ್ದರಲ್ಲಿ ನನ್ನ ಭಾವ ಗಲ್ಫ್ ಬಿಟ್ಟು ಕಾಪುವಿಗೆ ಬಂದವರೇ ಆಟೋಮ್ಯಾಟಿಕ್ ಗೇರಿನ ಪಿಕಪ್ ತೆಗೆದುಕೊಂಡರು. ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಬಿಟ್ಟರೆ ಅಂಥ ಗಾಡಿ ನಮ್ಮಲ್ಲಿ ಅಪರೂಪ. "ಕ್ಲಚ್ಚೇ ಇಲ್ಲದ ಮೇಲೆ ಎಡಗಾಲಿಗೆ ಎಂತ ಕೆಲಸ ಮಾರಾಯ?" ಎಂದು ಕಾರ್ಕಳದ ಮಾವ ಕೇಳಿದರು.

ಎಡಗಾಲು ಬಿಟ್ಟ ಕೆಲಸವೆಲ್ಲ ಗೇರ್‌ಬಾಕ್ಸಿನ ಎಣ್ಣೆಯ ತಲೆಗೆ ಬಿದ್ದಿರುತ್ತದೆ. ಎಂಜಿನ್ನಿನ ಬಲವನ್ನು ಆಚೆ ದಾಟಿಸುವುದೂ ಅದೇ, ಒಳಗಿನ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ, ಎಲ್ಲವನ್ನೂ ತಣಿಸುವುದೂ ಅದೇ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿಸಿದಷ್ಟೂ ಅದು ಕಾಯುತ್ತದೆ, ಕಾದಷ್ಟೂ ಬೇಗ ಹಳತಾಗುತ್ತದೆ. ಗಾಡಿಯ ಆಯುಷ್ಯವಿಡೀ ಬದಲಿಸಬೇಕಿಲ್ಲ ಎನ್ನುವವರಿದ್ದಾರೆ. ಆ ಆಯುಷ್ಯ ಎಷ್ಟೆಂದು ಮಾತ್ರ ಹೇಳುವುದಿಲ್ಲ.

ಮನೆಯಲ್ಲೇ ಬದಲಿಸುವುದೆಂದು ಭಾವ ತೀರ್ಮಾನಿಸಿದರು. ಸ್ಪ್ಯಾನರ್, ಕೈಪಂಪು, ಹೊಸ ವಾಷರ್, ಕಂಪನಿ ಹೇಳಿದ ದರ್ಜೆಯದೇ ಎಣ್ಣೆ, ಎಲ್ಲ ಬಂತು. ಸಿಗದೇ ಹೋದದ್ದು ಸಮತಟ್ಟು ನೆಲ. ಇಂಥ ಗೇರ್‌ಬಾಕ್ಸಿಗೆ ಅಳೆಯುವ ಕಡ್ಡಿ ಇಲ್ಲ. ಗಾಡಿ ಮಟ್ಟವಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಎಣ್ಣೆ ಸುಮಾರು 40 ಡಿಗ್ರಿಗೆ ಬಂದಿರಬೇಕು. ಆಗ ಮಟ್ಟ ನೋಡುವ ಪ್ಲಗ್ ಬಿಚ್ಚಿದರೆ ಹೆಚ್ಚಿನದು ಹರಿದುಹೋಗಿ ಹನಿಗೆ ನಿಲ್ಲುತ್ತದೆ. ಅದೇ ಲೆಕ್ಕ.

ನನ್ನ ಮನೆ ಮಣಿಪಾಲದ ಗುಡ್ಡದಲ್ಲಿ. ಅಲ್ಲಿ ಹ್ಯಾಂಡ್‌ಬ್ರೇಕನ್ನು ನಂಬಿದವರೂ ಚಕ್ರಕ್ಕೊಂದು ಕಲ್ಲು ಕೊಡುತ್ತಾರೆ. ಕಾರ್ಕಳದಲ್ಲಿ ಮಾವನ ಅಂಗಳ ಗೊಮ್ಮಟನ ಬೆಟ್ಟಕ್ಕೆ ಪೈಪೋಟಿ ಕೊಡುವಂಥದ್ದು. "1432ರಲ್ಲಿ 42 ಅಡಿಯ ಮೂರ್ತಿಯನ್ನು ಬಂಡಿಯಲ್ಲಿಟ್ಟು ಬೆಟ್ಟ ಹತ್ತಿಸಿದರಂತೆ. ಗೇರೂ ಇಲ್ಲ, ಎಣ್ಣೆಯೂ ಇಲ್ಲ" ಎಂದರು ಮಾವ. ಕೀಲೆಣ್ಣೆ ಹಾಕಿರಬೇಕಲ್ಲ ಎಂದೆ. "ಹಾಕಿರಬಹುದು. ಡಿಗ್ರಿ ನೋಡಿ ಹಾಕ್ಲಿಲ್ಲ."

ಕೊನೆಗೆ ಕಾಪುವಿನ ಅಂಗಳವೇ ಗತಿ. ಸಮುದ್ರದ ಬದಿ, ನೋಡಲಿಕ್ಕೆ ಚಪ್ಪಟೆ. ಆದರೆ ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಹೊಯ್ಯುವ ಸೀಮೆಯಲ್ಲಿ ಮೇಸ್ತ್ರಿ ಅಂಗಳಕ್ಕೆ ಓಟ ಕೊಡದೆ ಬಿಟ್ಟಾನೆಯೇ? ಮಳೆನೀರು ತೆಂಗಿನ ಬುಡಕ್ಕೆ ಹೋಗುವಂತೆ ಮಾಡಿದ್ದ. ರಸಮಟ್ಟ ಇಟ್ಟರೆ ಗುಳ್ಳೆ ಮನೆಯ ಕಡೆಗೆ ಓಡಿತು. "ಎರಡು ಮುರಕಲ್ಲು ಕೊಡುವ" ಎಂದರು ಪಕ್ಕದ ಮನೆಯವರು. ಮುರಕಲ್ಲು ಎರಡು ಮಾಳಿಗೆಯ ಮನೆ ಹೊರುತ್ತದೆ, ನಿಜ. ಜಾಕಿನ ಕೆಲಸಕ್ಕೆ ಇಟ್ಟರೆ ಒಂದು ಮೂಲೆಯಲ್ಲಿ ಪುಡಿಯಾದೀತು, ಕೆಳಗೆ ಮಲಗಿದವನನ್ನು ಕೇಳುವವರಿಲ್ಲ. ಭಾವ ಕಬ್ಬಿಣದ ಸ್ಟ್ಯಾಂಡುಗಳನ್ನೇ ತರಿಸಿದರು.

ಖಾಲಿ ಮಾಡುವ ಮೊದಲು ತುಂಬಿಸುವ ಬಾಯಿ ಬಿಚ್ಚಿ ನೋಡಬೇಕು, ಇದು ಈ ವಿದ್ಯೆಯ ಗಣೇಶ ಸ್ತುತಿ. ಕಾಪುವಿನ ಉಪ್ಪುಗಾಳಿಗೆ ತುಕ್ಕು ಹಿಡಿದು ಅದು ಬಾರದೇ ಹೋದರೆ ಎಣ್ಣೆಯಿಲ್ಲದ ಗಾಡಿ ಅಲ್ಲೇ ಕೂತಿರುತ್ತದೆ. ಬಂತು. ಆಮೇಲೆ ಅಡಿಯ ಪ್ಲಗ್. ಬೇಸಿನಿಗೆ ಕಂದು ಬಣ್ಣದ ಕಷಾಯ ಇಳಿಯಿತು. ಹೊಸ ಎಣ್ಣೆಯ ಬಣ್ಣವೇ ಬೇರೆ, ಥೇಟ್ ಪುನರ್ಪುಳಿ ಶರಬತ್ತು. ಸೋರಿದರೆ ಎಂಜಿನ್ನಿನದೋ ಗೇರಿನದೋ ಗೊತ್ತಾಗಲೆಂದು ಈ ಕೆಂಪು. ಅಕ್ಕ ಮಾತಿಲ್ಲದೆ ಬಂದು ಕ್ಯಾನನ್ನು ಮಕ್ಕಳ ಕೈಗೆಟುಕದಂತೆ ಮೇಲಿಟ್ಟು ಹೋದಳು.

ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೂ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ಕಾನೂನು ಬಂದು ನಿಂತಿತು ಎಂದು ನಾನು ಸುಮ್ಮನಿರಲಾರದೆ ಹೇಳಿದೆ. ಪಕ್ಕದ ಮನೆಯವರದ್ದು ಬೋಟಿನ ಕುಟುಂಬ. "ಹಾಗಾದ್ರೆ ಬೂತಾಯಿ ಎಣ್ಣೆ ಆಗುದಿಲ್ವಾ? ನಮ್ಮಲ್ಲೇ ಉಂಟಲ್ಲ" ಎಂದರು. ವಾಸನೆಯ ಕಾರಣಕ್ಕೆ ಪ್ರಸ್ತಾವ ಬಿದ್ದುಹೋಯಿತು.

ಹೊಸದನ್ನು ತುಂಬಿಸಿ ಎಂಜಿನ್ ಓಡಿಸುವ ಹೊತ್ತಿಗೆ, ಬೇಸರವಾಗಬಾರದೆಂದು ಅವರನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಎಂದು ಗೇರಿನ ಕೋಲನ್ನು ಮೆಲ್ಲ ಸರಿಸಬೇಕು, ಹೊಸ ಎಣ್ಣೆ ಎಲ್ಲ ಸಂದಿಗೂ ಹೋಗಲೆಂದು. ಬಲಗಾಲು ಬ್ರೇಕಿನ ಮೇಲಿತ್ತು. ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಹುಡುಕಿ ಅದೂ ಬಂದು ಬ್ರೇಕನ್ನೇ ಮೆಟ್ಟಿತು. ಗಾಡಿ ಎರಡು ಕಾಲಿನ ಭದ್ರತೆಯಲ್ಲಿ ಅಲುಗದೆ ನಿಂತಿತು. ಮಾವನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಇಷ್ಟಾದರೂ ಹಳೆಯ ಎಣ್ಣೆ ಪೂರ್ತಿ ಹೋಗುವುದಿಲ್ಲ. ಟಾರ್ಕ್ ಕನ್ವರ್ಟರ್ ತನ್ನ ಪಾಲನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ. ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬದಲಿಸಬೇಕು, ಸಾಧ್ಯವಾದರೆ ಮಗದೊಮ್ಮೆ. ಪ್ರತಿ ಸಲ ಹಳತು ಎಷ್ಟು ಉಳಿಯುತ್ತದೆಂಬುದನ್ನು ಭಾವ ಕ್ಯಾಲೆಂಡರಿನ ಹಿಂಬದಿಯಲ್ಲಿ ಭಿನ್ನರಾಶಿ ಬರೆದು ಅಕ್ಕನಿಗೆ ವಿವರಿಸಿದರು. ಮುಂದಿನ ಸಲವೂ ಇಷ್ಟೇ ಜನರಿಗೆ ಚಹಾ ಆಗಬೇಕಾ ಎಂದಷ್ಟೇ ಅಕ್ಕ ಕೇಳಿದಳು.

"ಆದಿತ್ಯವಾರ ಇಟ್ಟುಕೊಳ್ಳಿ" ಎಂದರು ಪಕ್ಕದ ಮನೆಯವರು, ಸೀಟಿನಿಂದ ಇನ್ನೂ ಇಳಿಯದೆ. "ಗೋಳಿಬಜೆಯೂ ಇರಲಿ."